ಕಬ್ಬಿನ ಫಡಕ್ಕೆ ಬಾರದ ಇನ್‌ಸ್ಪೆಕ್ಟರ್

2025ರ ಡಿಸೆಂಬರ್ ತಿಂಗಳ ಒಂದು ಸಂಜೆ ಖಾನಾಪುರದ ಬಸ್ ನಿಲ್ದಾಣದಲ್ಲಿ ಬೆಳಗಾವಿ ಬಸ್ಸಿಗಾಗಿ ಕಾಯುತ್ತ ಕುಳಿತಿದ್ದೆ. ಪಕ್ಕದ ಕಟ್ಟೆಯ ಮೇಲೆ ಗಂಡ, ಹೆಂಡತಿ, ಆಕೆಯ ತೊಡೆಯ ಮೇಲೊಂದು ಕೂಸು. ಹೆಂಗಸಿನ ಎಡಗೈಗೆ ದಪ್ಪಗೆ ಬ್ಯಾಂಡೇಜು. ಇಂಡಿ ಕಡೆಯ ತಾಂಡಾದಿಂದ ಕಬ್ಬು ಕಡಿಯಲು ಬಂದ ಗ್ಯಾಂಗಿನವರೆಂದು ಮಾತಿಗೆ ಮಾತು ಬೆಳೆದಾಗ ತಿಳಿಯಿತು.

"ಕೈಗೆ ಏನಾತವ್ವಾ?"

"ಕೊಯ್ತಾ ಬಡೀತ್ರಿ ಯಣ್ಣಾ."

"ದವಾಖಾನಿ ಖರ್ಚು ಯಾರು ಕೊಟ್ರು?"

"ಮುಕಾದಮ ಕೊಟ್ಟಾನ್ರಿ. ಉಚಲಿನ್ಯಾಗ ಹಿಡಕೋತಾನ."

ಉಚಲ್ ಎಂದರೆ ಹಂಗಾಮಿಗೆ ಮುನ್ನ ಮುಕಾದಮ ಕೊಡುವ ಮುಂಗಡ. ಅದು ತೀರುವತನಕ ಗಂಡ ಹೆಂಡತಿ ಇಬ್ಬರೂ ಸೇರಿ ಲೆಕ್ಕದಲ್ಲಿ 'ಒಂದು ಕೊಯ್ತಾ'. ಇಬ್ಬರಿಗೆ ಒಂದೇ ಲೆಕ್ಕ, ಒಂದೇ ಸಾಲ. ನಾನು ಸುಮ್ಮನಿರಲಾರದೆ ಕೇಳಿದೆ: "ನಿಮ್ಮ ಕಡೆ ಲೇಬರ್ ಇನ್‌ಸ್ಪೆಕ್ಟರ್ ಯಾರರೆ ಬಂದಿದ್ರೇನು?"

ಅಲ್ಲಿಯವರೆಗೆ ಸುಮ್ಮನಿದ್ದ ಗಂಡ ಗಾಬರಿಯಿಂದ ಎದ್ದು ನಿಂತ. "ಯಾವ ಇನ್‌ಸ್ಪೆಕ್ಟರ್ ರೀ? ನಾವೇನೂ ತಪ್ಪ ಮಾಡಿಲ್ರಿ."

ಇವನ ಕೂಲಿ ಕಾಯಲೆಂದೇ 1948ರ ಕನಿಷ್ಠ ವೇತನ ಕಾಯ್ದೆ ಇನ್‌ಸ್ಪೆಕ್ಟರ್ ಎಂಬ ಹುದ್ದೆಯನ್ನು ಬರೆದಿತ್ತು. ಎಪ್ಪತ್ತೇಳು ವರ್ಷಗಳ ಮೇಲೆ ಆ ಹೆಸರು ಕೇಳಿದರೆ ಅವನು ಲಾಠಿ ನೆನೆಸಿಕೊಂಡು ಬೆಚ್ಚುತ್ತಾನೆ. ನಮ್ಮ ಸರಕಾರಗಳು ಕಾರ್ಮಿಕ ತಪಾಸಣೆಯನ್ನು ಹೇಗೆ ನಡೆಸಿಕೊಂಡು ಬಂದಿವೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ವರದಿ ನನಗೆ ಬೇಕಿಲ್ಲ.

ಅದೇ ತಿಂಗಳು ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆದಿತ್ತು. ಶಾಸಕರ ಕಾರುಗಳೂ ಕಬ್ಬಿನ ಟ್ರೇಲರುಗಳೂ ಒಂದೇ ರಸ್ತೆಯಲ್ಲಿ ಓಡಾಡುವ ಕಾಲವದು. ಅದಕ್ಕೂ ಒಂದು ತಿಂಗಳು ಮುಂಚೆ, ನವೆಂಬರ್ ಮೊದಲ ವಾರ, ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಹಗಲು ರಾತ್ರಿ ಕುಳಿತು ಟನ್ನಿಗೆ 3,500 ರೂಪಾಯಿ ಕೇಳಿದರು. ಮುಖ್ಯಮಂತ್ರಿಗಳೇ ಸಭೆ ಕರೆದು 3,300 ರೂಪಾಯಿಗೆ ತೀರ್ಮಾನ ಮಾಡಿದರು. ರೈತರ ಬೇಡಿಕೆ ನ್ಯಾಯದ್ದೇ. ಆದರೆ ಆ ಮಾತುಕತೆಯಲ್ಲಿ ರೈತನಿಗೆ ಒಂದು ಕುರ್ಚಿ, ಕಾರ್ಖಾನೆಗೆ ಒಂದು ಕುರ್ಚಿ, ಸರಕಾರಕ್ಕೆ ಒಂದು ಕುರ್ಚಿ. ಕಬ್ಬಿಗೆ ಕೊಯ್ತಾ ಹಾಕುವವಳಿಗೆ ನಿಲ್ಲಲೂ ಜಾಗವಿರಲಿಲ್ಲ. ಸಕ್ಕರೆಯ ಲೆಕ್ಕದಲ್ಲಿ ಆಕೆಗೆ ಹೆಸರಿಲ್ಲ. ಆಕೆ 'ಕಟಾವು ಮತ್ತು ಸಾಗಾಣಿಕೆ ವೆಚ್ಚ'ದ ಒಂದು ಪಾಲು, ಅಷ್ಟೇ.

ಇದು ಯಾವುದೋ ಗುಮಾಸ್ತನ ಮರೆವಿನಿಂದ ಆದದ್ದಲ್ಲ. ಇದಕ್ಕೊಂದು ಇತಿಹಾಸವಿದೆ. 1947ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಕಾರ್ಮಿಕ ತಪಾಸಣೆಯ ಬಗ್ಗೆ 81ನೆಯ ಒಡಂಬಡಿಕೆಯನ್ನು ತಂದಿತು. ಭಾರತ 1949ರಲ್ಲಿಯೇ ಅದನ್ನು ಒಪ್ಪಿಕೊಂಡಿತು. ಹೊಸ ಗಣರಾಜ್ಯ ಇನ್ನೂ ಹುಟ್ಟಿರದ ದಿನಗಳಲ್ಲಿ ಇಟ್ಟ ಈ ಹೆಜ್ಜೆ ಹೆಮ್ಮೆಪಡುವಂಥದ್ದೇ. ಆದರೆ ಒಪ್ಪುವಾಗಲೇ ಕತ್ತರಿ ಆಡಿಸಿದ್ದೆವು. ಕೈಗಾರಿಕೆಯ ಭಾಗವನ್ನು ಒಪ್ಪಿ, ವ್ಯಾಪಾರದ ಭಾಗವನ್ನು ಬಿಟ್ಟೆವು. ಮುಂದೆ 1969ರಲ್ಲಿ ಕೃಷಿಗೆಂದೇ 129ನೆಯ ಒಡಂಬಡಿಕೆ ಬಂತು. ಅದಕ್ಕೆ ಭಾರತ ಇವತ್ತಿಗೂ ಸಹಿ ಹಾಕಿಲ್ಲ. ಹೀಗಾಗಿ ಉದ್ಯಮಬಾಗದ ಫೌಂಡ್ರಿಯ ಕೆಲಸಗಾರನ ಬಗ್ಗೆ ನಾವು ಜಗತ್ತಿಗೆ ಮಾತು ಕೊಟ್ಟಿದ್ದೇವೆ. ಖಡೇ ಬಜಾರಿನ ಅಂಗಡಿಯ ಹುಡುಗನ ಬಗ್ಗೆಯಾಗಲಿ, ಖಾನಾಪುರದ ಕಬ್ಬಿನ ಫಡದ ಹೆಂಗಸಿನ ಬಗ್ಗೆಯಾಗಲಿ ಅಂಥ ಮಾತು ಕೊಟ್ಟಿಲ್ಲ. ದೇಶದಲ್ಲಿ ಅತಿ ಹೆಚ್ಚು ಜನ ದುಡಿಯುವುದು ಎಲ್ಲಿ ಎಂದು ಯೋಚಿಸಿದರೆ ಈ ಕತ್ತರಿಯ ಜಾಣತನ ಅರ್ಥವಾಗುತ್ತದೆ.

ಆ 81ನೆಯ ಒಡಂಬಡಿಕೆ ಹೇಳುವುದೇನು? ನಿರೀಕ್ಷಕರು ಖಾಯಂ ಸರಕಾರಿ ನೌಕರರಾಗಿರಬೇಕು, ಸರಕಾರ ಬದಲಾದರೂ ಅವರ ಕುರ್ಚಿ ಅಲುಗಾಡಬಾರದು. ಕೆಲಸಕ್ಕೆ ಸಾಕಾಗುವಷ್ಟು ಜನರಿರಬೇಕು. ಕಚೇರಿ, ಓಡಾಟಕ್ಕೆ ವಾಹನ ಕೊಡಬೇಕು. ಮುನ್ಸೂಚನೆ ಕೊಡದೆ ಹಗಲಾಗಲಿ ರಾತ್ರಿಯಾಗಲಿ ಒಳಗೆ ಹೋಗುವ ಹಕ್ಕು ಅವರಿಗಿರಬೇಕು. ದೂರು ಕೊಟ್ಟವರ ಹೆಸರು ಬಿಟ್ಟುಕೊಡಬಾರದು. ಬೇರೆ ಕೆಲಸ ಹೊರಿಸಿದರೂ ಅದು ಮುಖ್ಯ ಕೆಲಸಕ್ಕೆ ಅಡ್ಡಿಯಾಗಬಾರದು. ಇವೆಲ್ಲ ಕ್ರಾಂತಿಕಾರಿ ಮಾತುಗಳಲ್ಲ, ಸಾಧಾರಣ ವಿವೇಕದ ಮಾತುಗಳು.

ಈಗ ಖಾನಾಪುರಕ್ಕೆ ಬನ್ನಿ. ಬೆಳಗಾವಿ ಜಿಲ್ಲೆಯಲ್ಲೇ ವಿಸ್ತಾರದಲ್ಲಿ ದೊಡ್ಡ ತಾಲ್ಲೂಕು. 200ಕ್ಕೂ ಹೆಚ್ಚು ಹಳ್ಳಿ, ಅರ್ಧ ಕಾಡು. 2011ರ ಜನಗಣತಿಯಂತೆ ಎರಡೂವರೆ ಲಕ್ಷದಷ್ಟು ಜನ. ಭತ್ತದ ಗದ್ದೆ, ಕಬ್ಬಿನ ಹೊಲ, ಇಟ್ಟಿಗೆ ಭಟ್ಟಿ, ಹಂಚಿನ ಕೆಲಸ, ಕಲ್ಲಿನ ಕ್ವಾರಿ. ನಮ್ಮ ರಾಜ್ಯದಲ್ಲಿ ಒಬ್ಬ ಕಾರ್ಮಿಕ ನಿರೀಕ್ಷಕನ ವೃತ್ತವೆಂದರೆ ಸಾಮಾನ್ಯವಾಗಿ ಇಂಥದೊಂದು ತಾಲ್ಲೂಕು. ಹುದ್ದೆ ಖಾಲಿ ಬಿದ್ದರೆ ಪಕ್ಕದ ತಾಲ್ಲೂಕಿನವನಿಗೆ ಪ್ರಭಾರ. 2006ರಲ್ಲಿ ಕಾರ್ಮಿಕ ಸಂಘಟನೆ ಒಂದು ಅಳತೆ ಹೇಳಿತು. ಕೈಗಾರಿಕೀಕರಣದ ಹಾದಿಯಲ್ಲಿರುವ ದೇಶಗಳಲ್ಲಿ 15 ಸಾವಿರ ಕಾರ್ಮಿಕರಿಗೆ ಒಬ್ಬ ನಿರೀಕ್ಷಕ, ತೀರ ಹಿಂದುಳಿದ ದೇಶಗಳಲ್ಲಾದರೂ 40 ಸಾವಿರಕ್ಕೆ ಒಬ್ಬ. ಖಾನಾಪುರದ ಅರ್ಧ ಜನ ದುಡಿಯುವವರೆಂದು ಹಿಡಿದು ನೀವೇ ಬೆರಳು ಮಡಿಚಿ ಎಣಿಸಿ. ತೀರ ಬಡ ದೇಶದ ಲೆಕ್ಕದಲ್ಲಿ ಮೂವರು ಬೇಕು. ನಾವು ಭಾಷಣದಲ್ಲಿ ಕೊಚ್ಚಿಕೊಳ್ಳುವ ದೇಶದ ಲೆಕ್ಕದಲ್ಲಿ ಎಂಟು ಜನ ಬೇಕು. ಹೊರಗಿನಿಂದ ಹಂಗಾಮಿಗೆ ಬರುವ ಗ್ಯಾಂಗುಗಳು ಈ ಲೆಕ್ಕದಲ್ಲಿ ಸೇರಿಯೇ ಇಲ್ಲ.

ಇರುವ ಆ ಒಬ್ಬ ಮನುಷ್ಯನಾದರೂ ಏನು ಮಾಡುತ್ತಿರುತ್ತಾನೆ? ಕಟ್ಟಡ ಕಾರ್ಮಿಕರ ಕಾರ್ಡಿನ ಅರ್ಜಿ ಪರಿಶೀಲಿಸುತ್ತಾನೆ. ಅವರ ಮಕ್ಕಳ ವಿದ್ಯಾರ್ಥಿವೇತನದ ಕಾಗದ ನೋಡುತ್ತಾನೆ. 2021ರ ಆಗಸ್ಟಿನಲ್ಲಿ ಇ-ಶ್ರಮ್ ಬಂದ ಮೇಲೆ ಅದರ ನೋಂದಣಿಯ ಗುರಿ. ಚುನಾವಣೆ ಬಂದರೆ ಚುನಾವಣೆ, ಮಂತ್ರಿ ಬಂದರೆ ಕಿಟ್ ಹಂಚುವ ಸಮಾರಂಭ. ಇವು ಬೇಡದ ಕೆಲಸಗಳಲ್ಲ. ಬಡವನಿಗೆ ಕಾರ್ಡು ಬೇಕು. ಆದರೆ ಕಾರ್ಡು ಕೊಡುವ ಕೆಲಸವನ್ನು ಗುಮಾಸ್ತರೂ ಮಾಡಬಹುದು, ಕಾರ್ಖಾನೆಯ ಬಾಗಿಲು ತಟ್ಟುವ ಅಧಿಕಾರ ಇರುವುದು ನಿರೀಕ್ಷಕನಿಗೆ ಮಾತ್ರ. ಆ ಅಧಿಕಾರವನ್ನು ಕಾಗದದ ರಾಶಿಯ ಕೆಳಗೆ ಹೂತಿಟ್ಟು, ತಪಾಸಣೆಯಿಂದ ಪ್ರಯೋಜನವಿಲ್ಲ ಎಂದು ಸಾರುವುದು ಎತ್ತಿನ ಕಾಲು ಕಟ್ಟಿ ಹೊಲ ಉಳಲಿಲ್ಲ ಎಂದು ಬೈದಂತೆ.

1991ರ ಉದಾರೀಕರಣದ ನಂತರ ಉದ್ಯಮಿಗಳ ಕೂಟಗಳು ಒಂದು ಬೈಗುಳವನ್ನು ಚಲಾವಣೆಗೆ ತಂದವು: 'ಇನ್‌ಸ್ಪೆಕ್ಟರ್ ರಾಜ್'. 2014ರ ಅಕ್ಟೋಬರಿನಲ್ಲಿ ಪ್ರಧಾನಿಗಳು 'ಶ್ರಮೇವ ಜಯತೇ' ಎಂಬ ಸುಂದರ ಹೆಸರಿಟ್ಟು ಶ್ರಮ ಸುವಿಧಾ ಪೋರ್ಟಲ್ ತಂದರು. ಕೇಂದ್ರದ ನಿರೀಕ್ಷಕ ಎಲ್ಲಿಗೆ ಹೋಗಬೇಕೆಂಬುದನ್ನು ಇನ್ನು ಕಂಪ್ಯೂಟರ್ ಚೀಟಿ ಎತ್ತಿ ಹೇಳುತ್ತದೆ. ಈಗ 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕನಿಷ್ಠ ವೇತನದ ಹಕ್ಕು ಎಲ್ಲ ಉದ್ಯೋಗಗಳಿಗೂ ಅನ್ವಯ ಎಂಬ ಒಳ್ಳೆಯ ಮಾತು ಅದರಲ್ಲಿದೆ, ಇಲ್ಲವೆನ್ನುವುದಿಲ್ಲ. ಆದರೆ ಹಕ್ಕನ್ನು ಅಗಲ ಮಾಡಿದ ಕೈಯೇ ಕಾವಲನ್ನು ಸಡಿಲ ಮಾಡಿದೆ. ಇನ್‌ಸ್ಪೆಕ್ಟರ್ ಇನ್ನು 'ಇನ್‌ಸ್ಪೆಕ್ಟರ್-ಕಮ್-ಫೆಸಿಲಿಟೇಟರ್', ಅಂದರೆ ನಿರೀಕ್ಷಕ ಮತ್ತು ಸುಗಮಕಾರ. ಮೊಕದ್ದಮೆ ಹೂಡುವ ಮೊದಲು ಮಾಲೀಕನಿಗೆ ತಿದ್ದಿಕೊಳ್ಳಲು ಅವಕಾಶ ಕೊಡಬೇಕು. 'ಕಾರ್ಖಾನೆ' ಎನ್ನಿಸಿಕೊಳ್ಳಲು ವಿದ್ಯುತ್ ಬಳಸುವಲ್ಲಿ 10 ಕಾರ್ಮಿಕರು ಸಾಕಿತ್ತು, ಈಗ 20 ಬೇಕು. ವಿದ್ಯುತ್ ಇಲ್ಲದಲ್ಲಿ 20 ಇದ್ದದ್ದು 40 ಆಗಿದೆ. ಗುತ್ತಿಗೆ ಕಾರ್ಮಿಕರ ರಕ್ಷಣೆಯ ಮಿತಿ 20ರಿಂದ 50ಕ್ಕೆ ಏರಿದೆ. ಸಂಹಿತೆಗಳು ದಿಲ್ಲಿಯವು ಎಂದು ಬೆಂಗಳೂರು ಕೈ ತೊಳೆದುಕೊಳ್ಳಬೇಕಿಲ್ಲ. 2023ರಲ್ಲಿ ನಮ್ಮ ವಿಧಾನಮಂಡಲವೇ ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿ ತಂದು ದಿನದ ದುಡಿಮೆಯನ್ನು 12 ಗಂಟೆಯವರೆಗೆ ಹಿಗ್ಗಿಸಲು ದಾರಿ ಮಾಡಿಕೊಟ್ಟಿತು.

ಸಲಹೆ ಕೊಡುವುದು ತಪ್ಪೇ ಎಂದು ಕೇಳಬಹುದು. ತಪ್ಪಲ್ಲ. 1947ರ ಒಡಂಬಡಿಕೆಯಲ್ಲೇ ಸಲಹೆ ಕೊಡುವ ಕೆಲಸವೂ ಇತ್ತು. ಎಲ್ಲಿ ಸಲಹೆ, ಎಲ್ಲಿ ಮೊಕದ್ದಮೆ ಎಂಬ ವಿವೇಚನೆಯನ್ನು ಅದು ನಿರೀಕ್ಷಕನಿಗೆ ಬಿಟ್ಟಿತ್ತು. ಈಗ ಆ ವಿವೇಚನೆಯನ್ನು ಕಿತ್ತುಕೊಳ್ಳಲಾಗಿದೆ. ಎಲ್ಲಿಗೆ ಹೋಗಬೇಕೆಂದು ಯಂತ್ರ ಹೇಳುತ್ತದೆ, ಯಾವಾಗ ಕೈ ಎತ್ತಬೇಕೆಂದು ಸಂಹಿತೆ ಹೇಳುತ್ತದೆ. ಜೇಬುಗಳ್ಳ ಸಿಕ್ಕಾಗ ಇಂಥ ಸೌಜನ್ಯವನ್ನು ಯಾವ ಪೊಲೀಸನೂ ತೋರಿಸುವುದಿಲ್ಲ. ನೂರು ಜನರ ಕೂಲಿ ಕದ್ದವನಿಗೆ ಮಾತ್ರ ಮೊದಲ ಕಳ್ಳತನ ಮಾಫಿ.

ನಮ್ಮ ಪರಂಪರೆಯ ಓದುಗರಿಗೆ ಇಲ್ಲಿ ಒಂದು ಹಳೆಯ ಸಂಸ್ಥೆಯನ್ನು ನೆನಪಿಸಬೇಕು. ಇಸ್ಲಾಮೀ ನಗರಗಳಲ್ಲಿ 'ಹಿಸ್ಬಾ' ಎಂಬ ಇಲಾಖೆಯಿತ್ತು, ಅದರ ಅಧಿಕಾರಿ ಮುಹ್ತಸಿಬ್. ತೂಕ ಅಳತೆ ನೋಡುವುದು, ಕಲಬೆರಕೆ ಹಿಡಿಯುವುದು ಅವನ ಕೆಲಸ. ಹನ್ನೊಂದನೆಯ ಶತಮಾನದಲ್ಲಿ ಬಗ್ದಾದಿನ ಅಲ್-ಮಾವರ್ದಿ ಇವನ ಕರ್ತವ್ಯಗಳನ್ನು ಬರೆಯುತ್ತ ಖಾಝಿಗೂ ಮುಹ್ತಸಿಬನಿಗೂ ಇರುವ ವ್ಯತ್ಯಾಸವನ್ನು ವಿವರಿಸುತ್ತಾನೆ. ಖಾಝಿ ಫಿರ್ಯಾದಿ ಬರುವತನಕ ಕಾಯಬೇಕು. ಮುಹ್ತಸಿಬ್ ಕಾಯಬೇಕಿಲ್ಲ, ಯಾರೂ ದೂರದಿದ್ದರೂ ತಾನೇ ಎದ್ದು ಹೋಗಿ ನೋಡಬಹುದು. ಗುಲಾಮನ ಮೇಲೆ, ಮೂಕ ಪ್ರಾಣಿಯ ಮೇಲೆ ತಾಳಲಾರದ ಹೊರೆ ಹೊರಿಸಿದವನನ್ನು ತಡೆಯುವುದೂ ಅವನ ಬಾಬತ್ತು. ಯಾಕೆ? ಹೊರೆ ಹೊತ್ತವನಿಗೆ ದೂರು ಕೊಡುವ ಶಕ್ತಿ ಇರುವುದಿಲ್ಲ. ತಪಾಸಣೆಯ ಇಡೀ ತತ್ವ ಈ ಒಂದು ಮಾತಿನಲ್ಲಿದೆ. ಉಚಲಿನಲ್ಲಿ ಸಿಕ್ಕ ಗ್ಯಾಂಗಿನ ಹೆಂಗಸು ಯಾವ ಪೋರ್ಟಲ್ಲಿನಲ್ಲಿ ದೂರು ಹಾಕುತ್ತಾಳೆ? ಆಕೆಯ ಫಡ ಯಾವ ಕಂಪ್ಯೂಟರಿನಲ್ಲಿ ನೋಂದಣಿಯಾಗಿದೆ, ಚೀಟಿಯಲ್ಲಿ ಅವಳ ಹೆಸರು ಬರಲು? ನಮ್ಮ ಸರಕಾರಗಳು ಮುಹ್ತಸಿಬನನ್ನು ಖಾಝಿಯ ಹಾಗೆ ಕೂಡಿಸಿವೆ.

ಇನ್ನೊಂದು ಅಧೋಗತಿಯನ್ನೂ ಹೇಳಿಬಿಡುತ್ತೇನೆ. ಕೆಲವು ಮುಸ್ಲಿಂ ದೇಶಗಳಲ್ಲಿ ಹಿಸ್ಬಾ ಎಂಬ ಹೆಸರು ಹೆಂಗಸರ ಉಡುಪು ಅಳೆಯುವ ಪೊಲೀಸರ ಪಾಲಾಯಿತು. ಕೈಯಲ್ಲಿದ್ದ ತಕ್ಕಡಿ ಬಿಸಾಕಿ ಬೆತ್ತ ಹಿಡಿದರು. ನಮ್ಮ ದೇಶದ ಕಥೆಯೂ ಬೇರೆಯಲ್ಲ. ತಪಾಸಣೆ ಮಾಡಲು ಇಲ್ಲಿ ಜನರಿಗೇನೂ ಕೊರತೆಯಿಲ್ಲ. ದನದ ಗಾಡಿ ನಿಲ್ಲಿಸಲು ಹುಡುಗರಿದ್ದಾರೆ. ಯಾರು ಯಾರ ಬೈಕಿನ ಮೇಲೆ ಕೂತರು ಎಂದು ನೋಡುವವರಿದ್ದಾರೆ. ಯಾರ ಬುತ್ತಿಯಲ್ಲಿ ಏನಿದೆ ಎಂದು ಮೂಸುವವರಿದ್ದಾರೆ. ಸಂಬಳವಿಲ್ಲ, ಹುದ್ದೆಯಿಲ್ಲ, ಆದರೂ ರಾತ್ರಿಯೆಲ್ಲ ಡ್ಯೂಟಿ! ಇವರಲ್ಲಿ ಒಬ್ಬನಾದರೂ ಕಬ್ಬಿನ ಟ್ರೇಲರ್ ನಿಲ್ಲಿಸಿ, "ಇದನ್ನು ಕಡಿದವಳಿಗೆ ಕೂಲಿ ಮುಟ್ಟಿತೇನಪ್ಪಾ?" ಎಂದು ಕೇಳಿದ್ದುಂಟೆ?

ಲಂಚದ ಮಾತಿಗೆ ಬರೋಣ. ಅದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ನನ್ನ ಮಾಮೂ ಒಬ್ಬರು ಹೊಲಿಗೆ ಅಂಗಡಿ ಇಟ್ಟಿದ್ದರು. ಊರಿನ ಹೆಸರು ಬೇಡ. ವರ್ಷಕ್ಕೊಮ್ಮೆ ಒಬ್ಬ ಅಧಿಕಾರಿ ಬರುತ್ತಿದ್ದ. ಹಾಜರಿ ಪುಸ್ತಕ ಎಲ್ಲಿ, ಬೋರ್ಡು ಎಲ್ಲಿ ಎಂದು ಗದರಿ, ಚಹಾ ಕುಡಿದು, ಒಂದು ಶರ್ಟು ಪುಕ್ಕಟೆ ಹೊಲಿಸಿಕೊಂಡು ಹೋಗುತ್ತಿದ್ದ. ಮೂಲೆಯಲ್ಲಿ ಕಾಜಾ ಗುಂಡಿ ಹಾಕುತ್ತಿದ್ದ ಹನ್ನೊಂದು ವರ್ಷದ ಹುಡುಗನನ್ನು ಅವನು ಕಣ್ಣೆತ್ತಿ ನೋಡುತ್ತಿರಲಿಲ್ಲ. ಅವನು ಹೋದ ಮೇಲೆ ಮಾಮೂ ಇಡೀ ಸರಕಾರವನ್ನು ಬೈಯುತ್ತಿದ್ದರು. ಆ ಹುಡುಗನ ವಿಷಯ ಅವರೂ ಎತ್ತುತ್ತಿರಲಿಲ್ಲ. ಆ ಶರ್ಟಿನ ಬೆಲೆಯನ್ನು ತೆತ್ತವನು ಮಾಮೂ ಅಲ್ಲ, ಆ ಹುಡುಗ ಎಂದು ನನಗೆ ಹೊಳೆಯಲು ವರ್ಷಗಳೇ ಬೇಕಾದವು.

ಪೊಲೀಸರು ಲಂಚ ತಿನ್ನುತ್ತಾರೆಂದು ಯಾರೂ ಪೊಲೀಸ್ ಠಾಣೆ ಮುಚ್ಚಲು ಹೇಳುವುದಿಲ್ಲ. ಕಂದಾಯ ಇಲಾಖೆಯಲ್ಲಿ ಲಂಚವಿದೆಯೆಂದು ಭೂದಾಖಲೆ ಸುಡುವುದಿಲ್ಲ. ಕಾರ್ಮಿಕನ ಕಾವಲುಗಾರ ಲಂಚ ತಿಂದಾಗ ಮಾತ್ರ ಕಾವಲೇ ಬೇಡ ಎನ್ನುತ್ತಾರೆ. ಲಂಚಕ್ಕೆ ಮದ್ದು ಗೊತ್ತಿರದ ವಿಷಯವಲ್ಲ. ಒಬ್ಬನ ಬದಲು ಇಬ್ಬರು ಒಟ್ಟಿಗೆ ಹೋಗಬೇಕು. ನೋಡಿದ್ದನ್ನು ಬರೆದು ಎಲ್ಲರಿಗೂ ಕಾಣುವಂತೆ ಹಾಕಬೇಕು. ಕಾರ್ಮಿಕರ ಸಂಘದವರು ಜೊತೆಗಿರಬೇಕು. ಇದಕ್ಕೆ ಹೆಚ್ಚು ಜನ ಬೇಕು, ಕಡಿಮೆ ಜನ ಅಲ್ಲ.

ಕಾವಲಿಲ್ಲದಿದ್ದರೆ ಏನಾಗುತ್ತದೆ ಎಂದು ತೋರಿಸಲು ನಿಪ್ಪಾಣಿಗೆ ಹೋಗಬೇಕು. ಅಲ್ಲಿನ ತಂಬಾಕು ಕಾರ್ಖಾನೆಗಳ ಹೆಣ್ಣುಮಕ್ಕಳು ಹೊಗೆಸೊಪ್ಪಿನ ಧೂಳು ಕುಡಿಯುತ್ತ ಪುಡಿಗಾಸಿಗೆ ದುಡಿಯುತ್ತಿದ್ದ ಕಾಲದಲ್ಲೂ ಕನಿಷ್ಠ ವೇತನದ ಕಾಯ್ದೆ ಪುಸ್ತಕದಲ್ಲಿತ್ತು. 1980ರ ಹೊತ್ತಿಗೆ ಪ್ರೊ. ಸುಭಾಷ್ ಜೋಶಿಯವರ ಜೊತೆ ಅವರೇ ಸಂಘ ಕಟ್ಟಿ ಬೀದಿಗಿಳಿದ ಮೇಲೆ ಮಾಲೀಕರಿಗೆ ಕಾನೂನಿನ ನೆನಪಾಯಿತು. ಯುಗಾಂತರ್ ಎಂಬ ಮಹಿಳೆಯರ ಚಿತ್ರತಂಡ 1982ರಲ್ಲಿ ಈ ಹೋರಾಟದ ಸಾಕ್ಷ್ಯಚಿತ್ರ ಮಾಡಿತು. ಅದೇ 1982ರಲ್ಲಿ ಸುಪ್ರೀಂ ಕೋರ್ಟು ಏಷ್ಯಾಡ್ ಕಟ್ಟಡ ಕಾರ್ಮಿಕರ ಮೊಕದ್ದಮೆಯಲ್ಲಿ, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ತೀರ್ಪು ಕೊಟ್ಟಿತು. ಆ ತೀರ್ಪನ್ನು ಕಬ್ಬಿನ ಹೊಲದವರೆಗೆ ಹೊತ್ತು ತರುವವರು ಯಾರು?

ಗ್ಯಾಂಗಿನ ಹೆಂಗಸರ ಮೈಯ ಕಥೆ ಇನ್ನೂ ಭಯಂಕರ. ಮರಾಠವಾಡದ ಬೀಡ ಜಿಲ್ಲೆಯಿಂದ ನಮ್ಮ ಕಡೆಗೂ ಗ್ಯಾಂಗುಗಳು ಬರುತ್ತವೆ. ಒಂದು ದಿನ ಕೆಲಸ ತಪ್ಪಿದರೆ ದಂಡ, ಅದಕ್ಕೆ ಅಲ್ಲಿ 'ಖಾಡಾ' ಎನ್ನುತ್ತಾರೆ. ಮುಟ್ಟಿನ ನೋವಿಗೂ ಖಾಡಾ. 2019ರಲ್ಲಿ ಮಹಾರಾಷ್ಟ್ರ ಸರಕಾರ ನೀಲಂ ಗೋರ್ಹೆ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿದಾಗ, ಬೀಡದಲ್ಲಿ ವಿಚಾರಿಸಿದ 82 ಸಾವಿರ ಹೆಂಗಸರಲ್ಲಿ 13 ಸಾವಿರಕ್ಕೂ ಹೆಚ್ಚು ಜನರ ಗರ್ಭಕೋಶ ತೆಗೆಯಲಾಗಿತ್ತು. ಫಡದಲ್ಲಿ ಕಕ್ಕಸಿಲ್ಲ, ನೆರಳಿಲ್ಲ, ರಜೆಯಿಲ್ಲ ಎಂದು ಬರೆದುಕೊಳ್ಳುವ ಒಬ್ಬ ಮಹಿಳಾ ನಿರೀಕ್ಷಕಿ ಹಂಗಾಮಿಗೊಮ್ಮೆ ಹೋಗಿದ್ದರೂ ಈ ಸಂಖ್ಯೆ ಇಷ್ಟಾಗುವತನಕ ಜಗತ್ತು ಕಣ್ಣು ಮುಚ್ಚಿರುತ್ತಿರಲಿಲ್ಲ. ಹಝ್ರತ್ ಉಮರ್ (ರ) ಅವರು ಮದೀನಾದ ಮಾರುಕಟ್ಟೆಯ ಮೇಲ್ವಿಚಾರಣೆಯನ್ನು ಶಿಫಾ ಬಿಂತ್ ಅಬ್ದುಲ್ಲಾ ಎಂಬ ಅಕ್ಷರಸ್ಥ ಮಹಿಳೆಗೆ ವಹಿಸಿದ್ದರೆಂದು ಪರಂಪರೆ ಹೇಳುತ್ತದೆ. ಏಳನೆಯ ಶತಮಾನದಲ್ಲಿ ಹೊಳೆದದ್ದು ನಮಗೆ ಈಗಲೂ ಹೊಳೆಯುತ್ತಿಲ್ಲ.

ನಗರವೇನೂ ಸುರಕ್ಷಿತವಲ್ಲ. 2024ರ ಆಗಸ್ಟಿನಲ್ಲಿ ಬೆಳಗಾವಿಯ ಹೊರಗಿನ ನಾವಗೆಯ ಟೇಪ್ ಕಾರ್ಖಾನೆಯೊಂದಕ್ಕೆ ಬೆಂಕಿ ಬಿತ್ತು. ಲಿಫ್ಟಿನಲ್ಲಿ ಸಿಕ್ಕಿಕೊಂಡ ಎಳೆಯ ಕಾರ್ಮಿಕನೊಬ್ಬ ಪ್ರಾಣಬಿಟ್ಟ. ಬೆಂಕಿ ಬಿದ್ದ ಮರುದಿನ ಎಲ್ಲ ಕಡೆಯೂ ಎಲ್ಲರೂ ಬರುತ್ತಾರೆ, ಮಂತ್ರಿಗಳು, ಅಧಿಕಾರಿಗಳು, ಕ್ಯಾಮೆರಾಗಳು. ಬೆಂಕಿ ಬೀಳುವ ಹಿಂದಿನ ದಿನ ಬರುವವನ ಹೆಸರೇ ಇನ್‌ಸ್ಪೆಕ್ಟರ್.

ಹೊಲದೊಳಗೆ ತಪಾಸಣೆ ಸಾಧ್ಯವೇ ಇಲ್ಲ ಎನ್ನುವವರು ಬ್ರೆಜಿಲ್ ನೋಡಲಿ. ಅಲ್ಲಿ 1995ರಿಂದ ಸಂಚಾರಿ ತಪಾಸಣಾ ದಳಗಳು ತೋಟ, ಕಬ್ಬಿನ ಗದ್ದೆ, ಜಾನುವಾರು ಫಾರ್ಮುಗಳಿಗೆ ಹೇಳದೆ ಕೇಳದೆ ನುಗ್ಗಿ, ಗುಲಾಮರಂತೆ ಇದ್ದ 60 ಸಾವಿರಕ್ಕೂ ಹೆಚ್ಚು ಜನರನ್ನು ಬಿಡಿಸಿವೆ. ಸುಮ್ಮನೆ ಆದದ್ದಲ್ಲ. 2004ರ ಜನವರಿ 28ರಂದು ಉನಾಯಿ ಎಂಬಲ್ಲಿ ಮೂವರು ನಿರೀಕ್ಷಕರನ್ನೂ ಅವರ ಡ್ರೈವರನ್ನೂ ಗುಂಡಿಟ್ಟು ಕೊಂದರು. ಅಲ್ಲಿನ ಸರಕಾರ ದಳ ಮುಚ್ಚಲಿಲ್ಲ. ಅದೇ ವರ್ಷ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಮೋರ್‌ಕಾಂಬ್ ಕೊಲ್ಲಿಯಲ್ಲಿ ಚಿಪ್ಪು ಆರಿಸುತ್ತಿದ್ದ ಕನಿಷ್ಠ 21 ಚೀನೀ ವಲಸಿಗರು ಭರತಕ್ಕೆ ಸಿಕ್ಕಿ ಸತ್ತರು. ಕೆಲವೇ ತಿಂಗಳಲ್ಲಿ ಬ್ರಿಟನ್ ಕೃಷಿಯ ಗ್ಯಾಂಗ್ ನಾಯಕರಿಗೆ ಲೈಸೆನ್ಸ್ ಕಡ್ಡಾಯ ಮಾಡುವ ಕಾನೂನು ತಂದಿತು. ಅವರ ಗ್ಯಾಂಗ್‌ಮಾಸ್ಟರ್ ನಮ್ಮ ಮುಕಾದಮನೇ. ಆದರೆ ಎಚ್ಚರಿಕೆಯ ಪಾಠವೂ ಇದೆ. ಗುಜರಾತಿನಲ್ಲಿ ಗ್ರಾಮೀಣ ಕಾರ್ಮಿಕರಿಗೆಂದೇ ಬೇರೆ ವ್ಯವಸ್ಥೆ ಮಾಡಿದ್ದರು. ಡಚ್ ವಿದ್ವಾಂಸ ಯಾನ್ ಬ್ರೆಮನ್ ದಕ್ಷಿಣ ಗುಜರಾತಿನ ಹಳ್ಳಿಗಳಲ್ಲಿ ಆ ಅಧಿಕಾರಿಗಳ ಕೆಲಸ ನೋಡಿ 1985ರಲ್ಲಿ ಬರೆದ ಲೇಖನದಲ್ಲಿ, ಜಮೀನ್ದಾರನ ಅಂಗಳದಲ್ಲಿ ಸರಕಾರ ಎಷ್ಟು ಕುಗ್ಗುತ್ತದೆ ಎಂಬುದನ್ನು ತೋರಿಸಿದ್ದಾರೆ. ಹುದ್ದೆ ಕೊಟ್ಟರೆ ಸಾಲದು, ಬೆನ್ನಿಗೆ ನಿಲ್ಲಬೇಕು.

ಕೊನೆಗೆ ನಮ್ಮವರಿಗೆ ಎರಡು ಮಾತು. ಬೆವರು ಆರುವ ಮುನ್ನ ಕೂಲಿ ಕೊಡಿ ಎಂಬ ಪ್ರವಾದಿವರ್ಯರ (ಸ) ಬೋಧನೆಯನ್ನು ನಾವು ಮೇ ದಿನದ ಭಾಷಣಕ್ಕೆ ಮೀಸಲಿಟ್ಟಿದ್ದೇವೆ. ನಮ್ಮ ಬೇಕರಿಗಳಲ್ಲಿ, ಗ್ಯಾರೇಜುಗಳಲ್ಲಿ, ಇಟ್ಟಿಗೆ ಭಟ್ಟಿಗಳಲ್ಲಿ ದುಡಿಯುವ ಎಳೆಯರ ಹೆಸರು ಯಾವ ಹಾಜರಿ ಪುಸ್ತಕದಲ್ಲಿದೆ? "ನಮ್ಮ ಹುಡುಗನೇ, ಮನೆಯವನಿದ್ದಂಗೆ" ಎನ್ನುತ್ತೇವೆ. ಮನೆಯವನಾದರೆ ಶಾಲೆಗೆ ಯಾಕೆ ಹೋಗುತ್ತಿಲ್ಲ? ಜುಮಾದ ಖುತ್ಬಾದಲ್ಲಿ ವರ್ಷಕ್ಕೊಮ್ಮೆಯಾದರೂ ಕನಿಷ್ಠ ಕೂಲಿಯ ದರವನ್ನು ಓದಿ ಹೇಳುವ ಒಬ್ಬ ಇಮಾಮರನ್ನು ನೋಡುವ ಆಸೆ ನನಗಿದೆ. ಸರಕಾರದ ನಿರೀಕ್ಷಕ ಬರಲಿಲ್ಲವೆಂದು ದೂರುವ ಮೊದಲು ಒಳಗಿನ ಮುಹ್ತಸಿಬನನ್ನು ಎಬ್ಬಿಸಬೇಕು.

ಆದರೆ ಒಳಗಿನವನು ಎದ್ದ ಮಾತ್ರಕ್ಕೆ ಹೊರಗಿನವನ ಹೊಣೆ ತಪ್ಪುವುದಿಲ್ಲ. ಕಾರ್ಮಿಕ ವಿಷಯ ಸಮವರ್ತಿ ಪಟ್ಟಿಯಲ್ಲಿದೆ, ಹೊಲದ ನಿರೀಕ್ಷಕನನ್ನು ನೇಮಿಸುವುದು ಬೆಂಗಳೂರಿನ ಕೈಯಲ್ಲಿದೆ. ಬೇಡಿಕೆಗಳು ಸರಳ. ಖಾಲಿ ಹುದ್ದೆ ತುಂಬಿ. ಕಾರ್ಡು ಕಾಗದದ ಕೆಲಸಕ್ಕೆ ಬೇರೆ ಸಿಬ್ಬಂದಿ ಕೊಡಿ. ಕಬ್ಬಿನ ಹಂಗಾಮಿನ ತಿಂಗಳುಗಳಲ್ಲಿ ಬೆಳಗಾವಿ ಜಿಲ್ಲೆಗೆ ವಾಹನ ಸಮೇತ ಸಂಚಾರಿ ದಳ ಕಳಿಸಿ, ಅದರಲ್ಲಿ ಅರ್ಧ ಮಹಿಳೆಯರಿರಲಿ, ಮರಾಠಿಯೂ ಲಂಬಾಣಿಯೂ ಬಲ್ಲವರಿರಲಿ. ಮುಕಾದಮನಿಗೆ ಲೈಸೆನ್ಸ್ ಮಾಡಿ, ಉಚಲಿನ ಲೆಕ್ಕವನ್ನು ಬರಹದಲ್ಲಿ ಕೇಳಿ. ಗ್ಯಾಂಗಿನ ಹೊಣೆಯನ್ನು ಸಕ್ಕರೆ ಕಾರ್ಖಾನೆಯ ಮೇಲೆ ಹಾಕಿ, ಕಬ್ಬು ಅದರ ಗೇಟಿನೊಳಗೇ ತಾನೆ ಹೋಗುವುದು? ತಾಲ್ಲೂಕುವಾರು ಎಷ್ಟು ತಪಾಸಣೆ ಆಯಿತು, ಎಷ್ಟು ಕೂಲಿ ವಸೂಲಾಯಿತು ಎಂಬ ವರದಿಯನ್ನು ಪ್ರತಿ ವರ್ಷ ಸುವರ್ಣಸೌಧದ ಅಧಿವೇಶನದಲ್ಲಿ ಕನ್ನಡದಲ್ಲಿ ಮಂಡಿಸಿ.

ಅಂದು ಬಸ್ಸು ಬಂತು. ಅವರು ಹತ್ತಲಿಲ್ಲ. ಮುಕಾದಮನ ಟ್ರ್ಯಾಕ್ಟರ್ ಬರುತ್ತದೆಂದು ಕಾಯುತ್ತಿದ್ದರು. ಮರುದಿನ ನಸುಕಿಗೆ ಮತ್ತೆ ಫಡಕ್ಕೆ ಹೋಗಬೇಕಂತೆ, ಬಲಗೈ ಸರಿಯಿದೆಯಲ್ಲ. ಇನ್‌ಸ್ಪೆಕ್ಟರ್ ಎಂಬ ಮಾತಿಗೆ ಬೆಚ್ಚಿ ನಿಂತ ಆ ಮನುಷ್ಯ, ಎಂದಾದರೂ ಅದೇ ಮಾತು ಕೇಳಿ "ಬರಲಿ, ಅವನ ಮುಂದೆ ಲೆಕ್ಕ ಹೇಳತೀನಿ" ಎನ್ನುವ ದಿನ ಬಂದರೆ, ಈ ರಾಜ್ಯದಲ್ಲಿ ಕಾರ್ಮಿಕ ಇಲಾಖೆ ಇದೆ ಎಂದು ನಾನು ನಂಬುತ್ತೇನೆ.